ಹನ್ನೊಂದು ವರ್ಷದ ಬಿಕ್ಕಳಿಕೆ

ನಮ್ಮೂರಿನ ಬಸ್ಸು ಹಳ್ಳದ ಸೇತುವೆಯ ಹತ್ತಿರ ಬಂದಾಗ ಕಂಡಕ್ಟರು ಎದ್ದು ನಿಂತು ಒಂದು ಮಾತು ಕೂಗುವುದು ಹಿಂದಿನಿಂದ ಬಂದ ರೂಢಿ. ಈಗಿನ ಕಂಡಕ್ಟರು ನನಗೆ ಗುರುತಿಲ್ಲದವನು. ಆದರೆ ಮಾತು ಅದೇ, ರಾಗವೂ ಅದೇ.

"ಹಳ್ಳ ಬಂತ್ರೀ! ಸುಳ್ಳ ಹೇಳೂದು ಯಾರದರೆ ಉಳದಿದ್ದರ ಲಗೂ ಹೇಳಿ ಮುಗಸ್ರಿ!"

ಬಸ್ಸಿನಲ್ಲಿ ಗಡಿಬಿಡಿಯೋ ಗಡಿಬಿಡಿ. ಹಿಂದಿನ ಸೀಟಿನವನು ಫೋನು ಕಿವಿಗೊತ್ತಿ, "ನಾ ಇನ್ನೂ ಹೊಂಟೇ ಇಲ್ರಿ, ಮೈಯಾಗ ಆರಾಮಿಲ್ಲ" ಎಂದು ಒಂದೇ ಉಸಿರಿಗೆ ಹೇಳಿ ಫೋನು ಜೇಬಿಗಿಟ್ಟ. ಎದುರಿನ ಹೆಂಗಸು ತನ್ನ ಬೀಗತಿಯ ಕೈಹಿಡಿದು, "ನೀವು ಕೊಟ್ಟ ಸೀರಿ ಭಾಳ ಸೇರ್ತು ನೋಡ್ರಿ ನನಗ" ಎಂದು ಹೇಳಿ, ಹೊತ್ತ ಹೊರೆ ಇಳಿಸಿದವಳಂತೆ ಸೀಟಿಗೊರಗಿದಳು. ನಾನು ಕಿಟಕಿಯಾಚೆ ಹಳ್ಳದ ನೀರು ನೋಡುತ್ತ ಕೂತಿದ್ದೆ. ಪಕ್ಕದ ಮುದುಕಪ್ಪ ನನ್ನ ಚಕ್ರದ ಪೆಟ್ಟಿಗೆ ನೋಡಿ ಕೇಳಿದ: "ಭಾಳ ದೂರದಿಂದ ಬಂದಂಗ ಕಾಣತೈತಿ. ದಣಿವಾತೇನ್ ಯವ್ವಾ?"

"ಛೆ ಛೆ, ಏನೂ ದಣಿವಾಗಿಲ್ಲ," ಅಂದೆ. ಎರಡು ವಿಮಾನ, ಒಂದು ರೈಲು, ಮೂರು ಬಸ್ಸು ಹತ್ತಿಳಿದಿದ್ದೆ. ಆದರೂ ಹೊರದೇಶದಲ್ಲಿ ರೂಢಿಯಾದ ನಾಲಿಗೆ ತಾನಾಗಿಯೇ ಹಾಗೆ ಹೇಳಿತು. ಅಷ್ಟರಲ್ಲಿ ಬಸ್ಸಿನ ಮುಂದಿನ ಗಾಲಿ ಸೇತುವೆ ದಾಟಿತ್ತು.

ಬಿಕ್!

ಇಡೀ ಬಸ್ಸು ನನ್ನ ಕಡೆ ತಿರುಗಿತು. ನಾಲ್ಕು ಕಡೆಯಿಂದ ನಾಲ್ಕು ನೀರಿನ ಬಾಟಲಿ ಬಂದವು. "ರೂಢಿ ತಪ್ಪೈತಿ ಪಾಪ," ಎಂದು ಮುದುಕಪ್ಪ ಮರುಗಿದ. ನಾನು ನೀರು ಕುಡಿದು, ನಾಚಿ, ಮತ್ತೂ ಎರಡು ಸಲ ಬಿಕ್ಕಿ, ಹನ್ನೊಂದು ವರ್ಷಗಳ ಮೇಲೆ ನನ್ನೂರಿನಲ್ಲಿ ಇಳಿದೆ.

ಹಳ್ಳದ ಈಚೆ ಸುಳ್ಳು ಹೇಳಿದರೆ ಬಿಕ್ಕಳಿಕೆ ಬರುತ್ತದೆ. ಹಳ್ಳದ ಆಚೆ ಬರುವುದಿಲ್ಲ. ಯಾಕೆ ಎಂದು ನಮ್ಮೂರಲ್ಲಿ ಯಾರೂ ಕೇಳಿಕೊಂಡಿಲ್ಲ, ಬಿಸಿಲು ಯಾಕೆ ಸುಡುತ್ತದೆ ಎಂದು ಯಾರು ಕೇಳುತ್ತಾರೆ? ಎಲ್ಲ ಮನೆಗಳ ಕಟ್ಟೆಯ ಮೇಲೂ ಒಂದು ನೀರಿನ ಕೊಡ, ಮೇಲೊಂದು ತಂಬಿಗೆ. ಬೇರೆ ಊರುಗಳಲ್ಲಿ ಬಿಕ್ಕುವ ಕೂಸಿಗೆ "ಏನು ಕದ್ದು ತಿಂದೆ?" ಎಂದು ಗದರಿಸಿ ಬಿಕ್ಕಳಿಕೆ ನಿಲ್ಲಿಸುತ್ತಾರಂತೆ. ನಮ್ಮಲ್ಲಿ ಹಾಗೆ ಕೇಳಿದರೆ ಕೂಸು ಕದ್ದದ್ದನ್ನೆಲ್ಲ ಹೇಳಿಯೇ ಬಿಡುತ್ತದೆ, ಆಮೇಲೆ ಕೇಳಿದವರಿಗೇ ಪೇಚು. ಬೇರೆಯವರು ಬಿಕ್ಕಿದರೆ "ಯಾರೋ ನೆನೆಸುತ್ತಿದ್ದಾರೆ" ಎನ್ನುತ್ತಾರೆ. ನಮ್ಮೂರಲ್ಲಿ ಆ ನೆಪ ನಡೆಯುವುದಿಲ್ಲ. ಕಥೆ ಹೇಳುವವರು ಮೊದಲೇ "ಇದು ಕಥಿ" ಎಂದು ಹೇಳಿ ಶುರು ಮಾಡುತ್ತಾರೆ, ಆಗ ಏನೂ ಆಗುವುದಿಲ್ಲ. ಆದರೆ ವರ್ತಮಾನ ಪತ್ರಿಕೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಓದುವುದಿಲ್ಲ. ಹಿಂದೊಮ್ಮೆ ಕಟಿಂಗ್ ಅಂಗಡಿಯಲ್ಲಿ ಒಬ್ಬ ಹಾಗೆ ಓದಲು ಹೋಗಿ, ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಅವನನ್ನು ಹೊತ್ತುಕೊಂಡು ಹೋಗಬೇಕಾಯಿತು.

ನನಗೆ ಈ ಊರು ಸಾಕಾಗಿತ್ತು. ಹದಿನೆಂಟರ ವಯಸ್ಸಿನಲ್ಲಿ ಹಳದಿ ಸೀರೆ ಉಟ್ಟು ಗೆಳತಿಯ ಎದುರು ನಿಂತು "ಹೆಂಗ ಕಾಣತೀನಿ?" ಎಂದು ಕೇಳಿದ್ದೆ. ಅವಳು ಮೇಲಿಂದ ಕೆಳಗೆ ನೋಡಿ, "ನೆರಿಗಿ ಛಂದ ಹಿಡದೀ," ಅಂದಳು. ಅಷ್ಟೇ. ನೆರಿಗೆಯಲ್ಲದ ಉಳಿದ ರೇವಕ್ಕನ, ಅಂದರೆ ನನ್ನ, ಬಗ್ಗೆ ಅವಳದು ಮೌನ. ನಾನು ಮೂರು ದಿನ ಅತ್ತೆ. ಎಂಥ ಒರಟು ಊರಪ್ಪಾ ಇದು, ಒಂದು ಸಿಹಿ ಮಾತಿಗೂ ಗತಿಯಿಲ್ಲ ಎಂದುಕೊಂಡೆ. ಇಪ್ಪತ್ತೇಳಕ್ಕೆ ಹೊರಟೇಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಅಣ್ಣ ಮುರಿಗೆಪ್ಪ, ವೈನಿ ಗಂಗವ್ವ, ಅವರ ಹದಿನಾಲ್ಕು ವರ್ಷದ ಮಗಳು ನೀಲಾ ನಿಂತಿದ್ದರು. ಎಲ್ಲರೂ ಹೇಳುವಂತೆ ನಾನೂ "ಹೋಗಿ ಬರತೀನಿ" ಅಂದೆ.

ಬಿಕ್ ಎಂದಿತು. ಎಲ್ಲರಿಗೂ ಕೇಳಿಸಿತು. ಅಣ್ಣ ಮುಖ ಆಚೆ ತಿರುಗಿಸಿದ. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಬಿಕ್ಕಳಿಕೆ ಹಳ್ಳ ದಾಟುವವರೆಗೂ ನನ್ನ ಜೊತೆಗೇ ಬಂತು.

ನಾನು ಹೋದ ದೇಶ ಮಂಜಿನ ದೇಶ. ಅಲ್ಲಿ ಎಲ್ಸಾ ಎಂಬ ದಪ್ಪನೆಯ ಹೆಂಗಸಿನ ಟೋಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಅವಳು, "ನಮ್ಮ ಊರಿನ ಹಿಮ ನಿನಗೆ ಇಷ್ಟವಾಯಿತೇ?" ಎಂದು ಕೇಳಿದಳು. ಕಾಲಬೆರಳು ಮರಗಟ್ಟಿದ್ದವು. "ತುಂಬ ಇಷ್ಟ!" ಅಂದೆ. ಎದೆ ಹಿಡಿದು ಕಾದೆ. ಏನೂ ಆಗಲಿಲ್ಲ! ಅಂದು ಸಂಜೆ ಬೀದಿಯ ದೀಪದ ಕಂಬದ ಮುಂದೆ ನಿಂತು, "ನಾನು ರಾಜನ ಮಗಳು, ನನಗೆ ಏಳು ಆನೆ ಇವೆ, ನನ್ನ ಮೂಗು ಸಂಪಿಗೆ" ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಮನಸಾರೆ ನಕ್ಕೆ. ಅಷ್ಟು ಹಗುರ ನನಗೆ ಎಂದೂ ಆಗಿರಲಿಲ್ಲ. ಮುಂದೆ ಹನ್ನೊಂದು ವರ್ಷ ದಿನಕ್ಕೆ ಮೂವತ್ತು ತಲೆಗಳಿಗೆ ಟೋಪಿ ಇಟ್ಟು, ಮೂವತ್ತು ಸಲ "ನಿಮಗೆಂದೇ ಹೊಲಿದಂತಿದೆ" ಅಂದೆ. ಅಲ್ಲಿಯ ಸುಳ್ಳಿನಲ್ಲಿ ಪ್ರೀತಿ ಇರಲಿಲ್ಲ ಎಂದಲ್ಲ. ಜ್ವರ ಬಂದು ಮಲಗಿದಾಗ ಎಲ್ಸಾ ಸಾರು ತಂದುಕೊಟ್ಟು, "ಈ ಕಡೆ ಬರುವುದಿತ್ತು, ಹಾಗೇ ತಂದೆ," ಎಂದಿದ್ದಳು. ಅವಳ ಮನೆ ಊರಿನ ಇನ್ನೊಂದು ತುದಿಗಿತ್ತು.

ಊರಿಗೆ ಬಂದದ್ದು ನೀಲಾಳ ಮದುವೆಗೆ. ಬರಿಯ ಅಕ್ಕಿಕಾಳು ಹಾಕಿ ಉಂಡು ಹೋಗುವ ಬರುವಿಕೆಯಲ್ಲ ಅದು. ನಮ್ಮೂರಿನ ಮದುವೆಯಲ್ಲಿ 'ಗುಣದ ಮಾತು' ಎಂದು ಒಂದು ಶಾಸ್ತ್ರವಿದೆ. ಅಕ್ಕಿಕಾಳಿಗೆ ಮುಂಚೆ ಮದುಮಗಳ ಸೋದರತ್ತೆ ಕೈಯಲ್ಲಿ ಬೆಲ್ಲ ಹಿಡಿದು, ಎಲ್ಲರಿಗೂ ಕೇಳುವಂತೆ, ಹುಡುಗಿಯ ಒಂದು ಗುಣ ಹೇಳಬೇಕು. ಹೇಳುವಾಗ ಬಿಕ್ಕಿದಳೋ, ಮದುವೆ ಮುಂದಿನ ಮಾಘಕ್ಕೆ ಹೋಯಿತು. ನಾನು ಸಣ್ಣವಳಿದ್ದಾಗ ಒಬ್ಬಳು "ನಮ್ಮ ಹುಡುಗಿ ಮುಂಜಾನೆ ಐದಕ್ಕ ಏಳತಾಳ" ಎಂದು ಬಿಕ್ಕಿದ್ದಳು. ಆ ಬಡಪಾಯಿ ಹುಡುಗಿ ಒಂದು ವರ್ಷ ಪೂರ್ತಿ ಐದಕ್ಕೆ ಎದ್ದು, ಆಮೇಲೆ ಅದೇ ವರನನ್ನು ಮದುವೆಯಾದಳು. ನೀಲಾಳಿಗೆ ಸೋದರತ್ತೆ ಎಂದರೆ ನಾನೊಬ್ಬಳೇ. ಹುಡುಗ ಚನ್ನವೀರ, ಮೇಲಿನ ಓಣಿಯ ಹಿಟ್ಟಿನ ಗಿರಣಿಯವನು. ಇಬ್ಬರೂ ಎರಡು ವರ್ಷದಿಂದ ಒಬ್ಬರನ್ನೊಬ್ಬರು ಮೆಚ್ಚಿ, ನನ್ನ ರಜೆಗಾಗಿ ಕಾದಿದ್ದರು.

"ನೀ ಬಂದೀ, ಇನ್ನೇನು ಚಿಂತಿಲ್ಲ ಬಿಡು," ಅಂದ ಅಣ್ಣ. ಅವನಿಗೆ ಬಿಕ್ಕಳಿಕೆ ಬರಲಿಲ್ಲ. ನಿಜವಾಗಿಯೂ ಅವನಿಗೆ ಚಿಂತೆಯಿರಲಿಲ್ಲ. ಚಿಂತೆ ಎಲ್ಲ ನನಗೆ ಬಂದಿತ್ತು.

ನೀಲಾಳ ವಿಷಯ ನನಗೇನು ಗೊತ್ತು? ಬಿಟ್ಟುಹೋದಾಗ ಎರಡು ಜಡೆಯ ಹುಡುಗಿ, ಈಗ ನನಗಿಂತ ಅರ್ಧ ಅಡಿ ಎತ್ತರದ ಹೆಣ್ಣು. ಮಾತು ಕಡಿಮೆ, ನಡಿಗೆ ಜೋರು, ಅವಳು ಬಡಿದ ರೊಟ್ಟಿಯ ಸುಟ್ಟ ಅಂಚು ದೂರದಿಂದಲೇ ಕಾಣುತ್ತಿತ್ತು. ಎಲ್ಸಾಳ ಅಂಗಡಿಯಿಂದ ಆರಿಸಿ ತಂದ ನೀಲಿ ಟೋಪಿ ಕೊಟ್ಟೆ. ತಲೆಗಿಟ್ಟು ಕನ್ನಡಿ ನೋಡಿ, ತೆಗೆದು ಕೈಗೆ ಕೊಟ್ಟಳು.

"ನನಗ ಒಪ್ಪೂದಿಲ್ಲ ಅತ್ತಿ. ಒಳಗಿನ ಹೊಲಿಗಿ ಮಾತ್ರ ಭಾಳ ಸಣ್ಣ ಐತಿ ನೋಡು, ಯಾರು ಹಾಕ್ಯಾರ?"

"ನಾನ," ಅಂದೆ, ಮುಖ ಸಣ್ಣದು ಮಾಡಿ. ಅದೇ ಹಳೇ ಊರು, ಅದೇ ಹಳದಿ ಸೀರೆ ಎಂದು ಮನಸ್ಸು ಮುದುಡಿತು. ಹನ್ನೊಂದು ವರ್ಷದಲ್ಲಿ ನನ್ನ ಒಳಹೊಲಿಗೆ ನೋಡಿದವರು ಇನ್ಯಾರೂ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಹಿತ್ತಿಲಲ್ಲಿ ಎಮ್ಮೆಯ ಮುಂದೆ ನಿಂತು ತಾಲೀಮು ಶುರು ಮಾಡಿದೆ. "ನಮ್ಮ ನೀಲಾ ಬಂಗಾರದಂಥ ಹುಡುಗಿ." ಬಿಕ್. "ಎಲ್ಲಾರ ಜೋಡಿ ಹೊಂದಿಕೊಂಡು ಹೋಗತಾಳ." ಬಿಕ್, ಬಿಕ್. "ಮನಸು ಹಾಲಿನಂಗ." ಎಮ್ಮೆ ಕೂಡ ತಲೆಯೆತ್ತಿ ನೋಡಿತು. ಮಾತು ಸುಳ್ಳಾಗಬೇಕೆಂದೇನಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರಂತೆ ಹೇಳಿದರೂ ಬಿಕ್ಕಳಿಕೆ ಬಿಡುವುದಿಲ್ಲ. ವೈನಿ ಅಡುಗೆಮನೆಯಿಂದಲೇ ತಂಬಿಗೆ ನೀರು ಕಳಿಸಿದಳು. ನೀರಿನ ಜೊತೆ ಎರಡು ಉಂಡಿ ಇದ್ದವು.

ಮದುವೆಗೆ ಇನ್ನು ನಾಲ್ಕು ದಿನ. ಹುಡುಗಿಯನ್ನು ಅರಿಯಲು ಬೇರೆ ದಾರಿ ಕಾಣದೆ, ಲಗ್ನಪತ್ರಿಕೆ ಹಂಚಲು ಅವಳ ಜೊತೆ ನಾನೂ ಹೊರಟೆ. ಮೂರು ದಿನ ಬೆಳಗಿನಿಂದ ಸಂಜೆತನಕ ಓಣಿ ಓಣಿ ಸುತ್ತಿದೆವು. ನೀಲಾಳನ್ನು ನೋಡಲು ಹೋದವಳಿಗೆ ಕಂಡದ್ದು ಊರು.

ಕುಂಬಾರ ಓಣಿಯಲ್ಲಿ ಒಬ್ಬಳು ಪುಟ್ಟ ಹುಡುಗಿ ಗೋಡೆಯ ಮೇಲೆ ಇದ್ದಲಿನಿಂದ ಎಮ್ಮೆ ಬರೆದಿದ್ದಳು. ಐದು ಕಾಲು, ಹೊಟ್ಟೆ ಒಂದು ಕಡೆ, ತಲೆ ಇನ್ನೊಂದು ಕಡೆ. ಪಕ್ಕದ ಮನೆಯ ಅಜ್ಜ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದ. ಎಷ್ಟು ಹೊತ್ತು ಎಂದರೆ ನನಗೇ ಕಾಲು ನೋವು ಬಂತು. ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಕಡೆಗೆ ಅಜ್ಜ, "ಇದರ ಕಣ್ಣಾಗ ನಿದ್ದಿ ಐತಿ ನೋಡವಾ. ಮಧ್ಯಾಹ್ನದ ಎಮ್ಮಿ ಇದು," ಅಂದ. ಹುಡುಗಿ ಗಾಳಿಪಟದಂತೆ ಹಾರಿಹೋದಳು. ನಾನು ಬಗ್ಗಿ ನೋಡಿದೆ. ಹೌದು, ಕಣ್ಣಲ್ಲಿ ನಿದ್ದೆ ಇತ್ತು!

ಆಮೇಲೆ ಎಲ್ಲ ಕಡೆಯೂ ಅದೇ ಕಾಣತೊಡಗಿತು. ಉಪ್ಪು ಹೆಚ್ಚಾದ ಸಾರು ಉಂಡವನು ತಟ್ಟೆಯನ್ನೇ ದಿಟ್ಟಿಸಿ, ಹುಡುಕಿ, "ಒಗ್ಗರಣಿ ಹದಾ ಬಿದ್ದೈತಿ" ಎನ್ನುತ್ತಾನೆ, ಮಾಡಿದವಳು ಅರಳುತ್ತಾಳೆ. ಏನೂ ಸಿಗದಿದ್ದರೆ ಎದ್ದು ಹೋಗಿ ಎರಡನೇ ಸಲ ನೋಡಿಕೊಂಡು ಬರುತ್ತಾರೆ. ನಮ್ಮೂರವರು ಒಂದು ಸಿಹಿ ಮಾತು ಆಡಬೇಕೆಂದರೆ ಮೊದಲು ನೋಡಬೇಕು, ಕಣ್ಣು ನೋಯುವಷ್ಟು ನೋಡಬೇಕು. ಒರಟು ಊರು ಎಂದು ನಾನು ಬಿಟ್ಟುಹೋದ ಊರು ಇದೇನಾ! ನನ್ನ ಗೆಳತಿ ಅಂದು ಆ ಹಳದಿ ಸೀರೆಯಲ್ಲಿ ನನ್ನನ್ನು ಮೇಲಿಂದ ಕೆಳಗೆ ಪೂರ್ತಿ ನೋಡಿದ್ದಳು. ನಾನು ಎಷ್ಟು ಹೊತ್ತು ಕೂತು ಆ ನೆರಿಗೆ ಹಿಡಿದಿದ್ದೆ ಎಂಬುದು ಅವಳೊಬ್ಬಳಿಗೇ ಕಂಡಿತ್ತು. ಟೋಪಿ ಅಂಗಡಿಯಲ್ಲಿ ನಾನು "ನಿಮಗೆಂದೇ ಹೊಲಿದಂತಿದೆ" ಎನ್ನುವಾಗ ಎಷ್ಟು ಸಲ ತಲೆಯೆತ್ತಿ ಮುಖ ನೋಡಿದ್ದೆ? ನೆನಪಾಗಲಿಲ್ಲ. ಅಳು ಬರಬೇಕಿತ್ತು. ಆದರೆ ನನಗೆ ಬಂದದ್ದು ಸಂತೋಷ, ಹೊಟ್ಟೆಯೊಳಗಿಂದ ಎದ್ದು ಬಂದ ಸಂತೋಷ. ಬೀದಿಯಲ್ಲಿ ಒಬ್ಬಳೇ ನಗುತ್ತ ನಡೆದೆ. ನೀಲಾ ಎರಡು ಹೆಜ್ಜೆ ಮುಂದೆ, ಎಂದಿನಂತೆ ಜೋರು ನಡಿಗೆಯಲ್ಲಿ.

ಊರೇನೋ ಕಂಡಿತು, ಹುಡುಗಿ ಮಾತ್ರ ಕೈಗೆ ಸಿಗಲಿಲ್ಲ. ಒಂದು ದಿನ ಉಳಿಯಿತು. "ನೀಲಾ ಜೋರ ನಡೀತಾಳ" ಎಂಬುದು ಖರೆ, ಬಿಕ್ಕಳಿಕೆಯೂ ಬರದು, ಆದರೆ ಅದನ್ನು ಗುಣವೆಂದು ಹೇಗೆ ಹೇಳುವುದು? ಅದೂ ಚನ್ನವೀರನ ಅಜ್ಜಿ ತೋಟವ್ವನ ಮುಂದೆ! ತೋಟವ್ವನಿಗೆ ಕಿವಿ ಮಂದ, ಆದರೆ ಬಿಕ್ಕಳಿಕೆ ಮಾತ್ರ ಮೂರು ಓಣಿ ಆಚೆಯಿಂದ ಕೇಳುತ್ತದೆ ಎಂಬ ಹೆಸರಿತ್ತು. ನನ್ನಿಂದಾಗಿ ಹುಡುಗಿಯ ಮದುವೆ ನಿಲ್ಲುತ್ತದಲ್ಲ ಎಂದು ಅನ್ನ ಸೇರದಾಯಿತು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ವೈನಿ, "ಅಟ್ಟದ ಮ್ಯಾಲಿನ ಹಿತ್ತಾಳಿ ಪರಾತ ಇಳಸು ರೇವಾ," ಅಂದಳು. ಆ ಅಗಲ ತಟ್ಟೆಯ ಹಿಂದೆ ಒಂದು ಬಿಸ್ಕೀಟಿನ ಡಬ್ಬಿ ಸಿಕ್ಕಿತು. ತೆಗೆದರೆ ನನ್ನ ಕಾಗದಗಳು, ಹನ್ನೊಂದು ವರ್ಷದ್ದು. ತಿಂಗಳಿಗೊಂದರಂತೆ ಬರೆದದ್ದೆಲ್ಲ ಅಲ್ಲಿತ್ತು. ಕಾಗದಗಳ ಮೇಲೆಲ್ಲ ತಂಬಿಗೆ ಇಟ್ಟ ನೀರಿನ ಕಲೆ, ಕೆಲವು ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಚುಕ್ಕಿ. "ಇಲ್ಲಿ ಚಳಿ ಅಷ್ಟೇನಿಲ್ಲ" ಎಂಬ ಸಾಲಿಗೆ ಐದು ಚುಕ್ಕಿ. "ಊಟಕ್ಕೆ ಏನೂ ತೊಂದರೆಯಿಲ್ಲ" ಎಂಬುದಕ್ಕೆ ಎಂಟು. "ನನಗೆ ಬೇಜಾರೇ ಆಗುವುದಿಲ್ಲ, ದಿನ ಹೋದದ್ದೇ ತಿಳಿಯುವುದಿಲ್ಲ" ಎಂಬ ಸಾಲಿನ ಪಕ್ಕದಲ್ಲಿ ಚುಕ್ಕಿ ಇಡಲು ಜಾಗ ಸಾಲದೆ ಕಾಗದದ ಹಿಂದೆಯೂ ಇಟ್ಟಿದ್ದರು.

"ವೈನಿ, ಏನಿದು?"

ವೈನಿ ಕೆಳಗಿನಿಂದ ತಲೆಯೆತ್ತಿ ನೋಡಿದಳು. "ನಿಮ್ಮಣ್ಣಗ ಕಣ್ಣ ಮಂಜು, ನನಗ ಓದಾಕ ಬರೂದಿಲ್ಲ. ನಿನ್ನ ಕಾಗದಾ ನೀಲಾನ ಓದತಿದ್ಳು, ಗಟ್ಟಿಯಾಗಿ. ಚಳಿ ಇಲ್ಲ ಅಂತ ನೀ ಬರದಿದ್ದಿ, ಓದಿದ್ದ ತಡಾ, ಹುಡುಗಿಗೆ ಬಿಕ್ಕಳಿಕಿ ಹತ್ತಿತು. ಬಿಕ್ಕಿಗೊಂದು ಚುಕ್ಕಿ ಇಟ್ಟಳು. ಮರುದಿನಾನ ನಿಮ್ಮಣ್ಣ ಕಂಬಳಿ ಕಳಿಸಿದ."

ನಾನು ಏಣಿಯ ಮೇಲೆ ಕೂತುಬಿಟ್ಟೆ. ಆ ಕಂಬಳಿ! ಚಳಿಯಿಲ್ಲ ಎಂದು ಬರೆದರೂ ಇವರಿಗೆ ಹೇಗೆ ಗೊತ್ತಾಯಿತು ಎಂದು ನಾನೂ ಎಲ್ಸಾಳೂ ಬೆರಗಾಗಿದ್ದೆವು. ಆಮೇಲೆ ಬಂದ ಶೇಂಗಾ ಚಟ್ನಿ, ಒಣಗಿಸಿದ ಕಟಕ ರೊಟ್ಟಿ. ಆಮೇಲೆ ಆ ಉದ್ದನೆಯ ಕಾಗದ, ಓಣಿಯವರೆಲ್ಲ ಆಳಿಗೊಂದು ಸಾಲು ಬರೆದದ್ದು, ಅರ್ಧ ಬರಿಯ ಜಗಳ. ಅದನ್ನು ಓದಿ ನಾನು ಒಂದು ಚಳಿಗಾಲ ಪೂರ್ತಿ ಕಳೆದಿದ್ದೆ.

"ಮನಸಿನ್ಯಾಗ ಓದಿದ್ದರ ಆಗತಿತ್ತಲ್ಲ ವೈನಿ. ಯಾಕ ಅಷ್ಟ ತ್ರಾಸು?"

"ನಾವೂ ಹಂಗ ಅಂದ್ವಿ. 'ಬಾಯಿ ಬಿಟ್ಟು ಓದಲಿಲ್ಲಂದ್ರ ಅತ್ತಿಗೆ ಏನ ಬೇಕು ಅಂತ ಹೆಂಗ ಗೊತ್ತಾಗಬೇಕು?' ಅಂತಾಳ. ಒಂದ ಸಾಲು ಬಿಡತಿದ್ದಿಲ್ಲ. ಒಮ್ಮೆ ಹಬ್ಬದಾಗ ನೀ ಬರದ ಕಾಗದಕ್ಕ ಎರಡು ದಿನಾ ಬಿಕ್ಕಿದ್ಳು, ಹೋಳಿಗಿ ಸೈತ ನುಂಗಾಕ ಆಗಲಿಲ್ಲ."

ಡಬ್ಬಿಯ ಮೇಲುಗಡೆ ನನ್ನ ಕಡೆಯ ಕಾಗದವಿತ್ತು. "ಮದುವೆಗೆ ಖಂಡಿತ ಬರುತ್ತೇನೆ" ಎಂಬ ಸಾಲಿನ ಪಕ್ಕದಲ್ಲಿ ಒಂದೂ ಚುಕ್ಕಿ ಇರಲಿಲ್ಲ. "ಅವತ್ತ ನಿನ್ನ ಖೋಲಿಗೆ ಸುಣ್ಣಾ ಹಚ್ಚಿದ್ವಿ," ಅಂದಳು ವೈನಿ.

ಮದುವೆಯ ಮುಂಜಾನೆ ಹಂದರದಲ್ಲಿ ಇಡೀ ಊರು ಕೂತಿತ್ತು. ನೀಲಾ ಅರಿಶಿಣದ ಮೈಯಲ್ಲಿ ನನ್ನೆದುರು ಕೂತಳು. ತೋಟವ್ವ ಕಿವಿಗೆ ಕೈಯಾನಿಸಿ ಮುಂದೆ ಬಾಗಿದಳು. ಚನ್ನವೀರ ಹಿಟ್ಟಿನ ಬಿಳುಪು ಇನ್ನೂ ಹೋಗದ ಕೈಗಳನ್ನು ಬಿಗಿಯಾಗಿ ಹೆಣೆದುಕೊಂಡಿದ್ದ. ನನ್ನ ಅಂಗೈಯಲ್ಲಿ ಬೆಲ್ಲ ಕರಗುತ್ತಿತ್ತು. ಹೇಳಬೇಕಾದ ಮಾತನ್ನು ನಾನು ತಾಲೀಮು ಮಾಡಿರಲಿಲ್ಲ. ಅವಳ ಮುಖವನ್ನೇ ನೋಡಿದೆ, ಸಾಕಷ್ಟು ಹೊತ್ತು ನೋಡಿದೆ.

"ನಾ ಹನ್ನೊಂದು ವರ್ಷ ಮನಿಗೆ ಸುಳ್ಳ ಬರದೆ," ಅಂದೆ. ಹಂದರದಲ್ಲಿ ಗುಸುಗುಸು ಎದ್ದಿತು. "ಚಳಿಯಿಲ್ಲಂದೆ, ಹಸಿವಿಲ್ಲಂದೆ, ನಿಮ್ಮ ನೆನಪಿಲ್ಲಂದೆ. ಹಳ್ಳದ ಆಚೀಕಿದ್ದೆ, ನನಗ ಒಂದ ಬಿಕ್ಕೂ ಬರಲಿಲ್ಲ. ನನ್ನ ಬಿಕ್ಕೆಲ್ಲಾ ಈಕಿ ಬಿಕ್ಕಿದ್ಳು. ಒಂದ ಸಾಲೂ ಬಿಡದಂಗ ಓದಿ, ಬಿಕ್ಕಿ, ನನಗ ಏನ ಕಮ್ಮಿ ಐತಿ ಅಂತ ತಿಳಕೊಂಡು ಕಳಿಸೂವಂಗ ಮಾಡಿದ್ಳು. ಬ್ಯಾರೆ ಊರಾಗ ಬಿಕ್ಕಳಿಕಿ ಬಂದರ ಯಾರೋ ನೆನಸಾಕತ್ತಾರ ಅಂತಾರ. ನಮ್ಮೂರಾಗ ಈಕಿ ಬಿಕ್ಕಿದ್ದು ನನ್ನ ನೆನಪಿಗೇ. ಇದು ನಮ್ಮ ನೀಲಾನ ಗುಣಾ."

ಎಲ್ಲರೂ ಕಾದರು. ನಾನೂ ಕಾದೆ. ಹಂದರದ ಮೇಲೆ ಒಂದು ಗುಬ್ಬಿ ಚಿಲಿಪಿಲಿ ಎಂದಿತು, ಅಷ್ಟೇ. ತೋಟವ್ವ ಕಿವಿಯಿಂದ ಕೈ ತೆಗೆದು ಆ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಅಕ್ಕಿಕಾಳು ತರ್ರೋ!" ಎಂದು ಚೀರಿದಳು, ಓಣಿ ನಡುಗುವಂತೆ.

ಶಾಸ್ತ್ರದ ಪ್ರಕಾರ ಮದುಮಗಳೂ ಸೋದರತ್ತೆಗೆ ಬೆಲ್ಲ ತಿನ್ನಿಸಿ ಒಂದು ಗುಣ ಹೇಳಬೇಕು. ನೀಲಾ ನನ್ನ ಬಾಯಿಗೆ ಬೆಲ್ಲವಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಭೀರವಾಗಿ ಹೇಳಿದಳು: "ನಮ್ಮ ಅತ್ತಿ ಸುಳ್ಳ ಭಾಳ ಛಂದ ಬರೀತಾಳ."

ಬಿಕ್ಕಳಿಕೆ ಬರಲಿಲ್ಲ! ಹಂದರವೆಲ್ಲ ನಕ್ಕಿತು, ಅಣ್ಣ ಹೊಟ್ಟೆ ಹಿಡಿದು ನಕ್ಕ, ನಾನು ಬೆಲ್ಲ ಬಾಯಲ್ಲಿಟ್ಟುಕೊಂಡು ನಗುತ್ತ ಅಳುತ್ತ ಅವಳನ್ನು ತಬ್ಬಿಕೊಂಡೆ. ಅರಿಶಿಣವೆಲ್ಲ ನನ್ನ ಸೀರೆಗಾಯಿತು. ಹದಿನೆಂಟರಲ್ಲಿ ಉಟ್ಟಂತೆ ಇದೂ ಹಳದಿ ಸೀರೆಯಾಯಿತು, ನಾನು ಒಗೆಯಲಿಲ್ಲ.

ರಜೆ ಮುಗಿದು ಹೊರಟ ದಿನ ಬಸ್ ಸ್ಟ್ಯಾಂಡಿಗೆ ಎಲ್ಲರೂ ಬಂದರು. ಹೊಸ ಮದುಮಕ್ಕಳು ಗಿರಣಿ ನಿಲ್ಲಿಸಿ ಬಂದಿದ್ದರು. ಎಲ್ಸಾಳಿಗೆ ಕೊಟ್ಟ ಮಾತಿತ್ತು, ಚಳಿಗಾಲದ ಟೋಪಿಗಳು ಕಾದಿದ್ದವು, ಹೋಗಲೇಬೇಕಿತ್ತು. "ಇನ್ನ ಮ್ಯಾಲೆ ಖರೇ ಬರೀ ಅತ್ತಿ. ನನಗ ಗಿರಣಿ ನಡಸೂದೈತಿ," ಅಂದಳು ನೀಲಾ. ಬಸ್ಸು ಹೊರಟಿತು. ಅಣ್ಣ, ವೈನಿ, ನೀಲಾ, ಚನ್ನವೀರ ನಾಲ್ವರೂ ಬಸ್ಸಿನ ಜೊತೆಗೇ ಹಳ್ಳದವರೆಗೆ ನಡೆದು ಬಂದರು, ನೀಲಾ ಎಲ್ಲರಿಗಿಂತ ಎರಡು ಹೆಜ್ಜೆ ಮುಂದೆ. ಮುಂದೆ ದನದ ಹಿಂಡು ಅಡ್ಡ ಬಂದು ಬಸ್ಸೂ ನಡೆಯುವವರ ವೇಗದಲ್ಲೇ ಹೋಗುತ್ತಿತ್ತು.

ಕಂಡಕ್ಟರು ಎದ್ದು ನಿಂತ. "ಹಳ್ಳ ಬಂತ್ರೀ! ಖರೇ ಹೇಳೂದು ಯಾರದರೆ ಉಳದಿದ್ದರ ಲಗೂ ಹೇಳಿ ಮುಗಸ್ರಿ!"

ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಕೂಗಿದೆ: "ಹೋಗಿ ಬರತೀನಿ!"

ಪಕ್ಕದವನು ನೀರಿನ ಬಾಟಲಿ ಎತ್ತಿ ಹಿಡಿದು ಕಾದ. ಅಣ್ಣ ಕಾದ. ವೈನಿಯ ಕೈ ಸೆರಗಿನ ಮೇಲಿತ್ತು. ಸೇತುವೆ ಇನ್ನೂ ಹತ್ತು ಮಾರು ದೂರ, ಎಂಟು ಮಾರು, ನಾಲ್ಕು.

ಬರಲಿಲ್ಲ. ನೀಲಾ ರಸ್ತೆಯ ನಡುವೆ ಎರಡೂ ಕೈಯೆತ್ತಿ ಕುಣಿದಳು. ಪಕ್ಕದವನು ಬಾಟಲಿಯ ಮುಚ್ಚಳ ತೆಗೆದು ತಾನೇ ನೀರು ಕುಡಿದ.